ಅಡುಗೆಮನೆ ಕಸದಿಂದ ಎಸ್‌ಟಿಪಿ ಗೆಲ್ಲಿಸಿ: ಯುವ ಆಪರೇಟರ್, ಎಂಜಿನಿಯರ್‌ಗಳಿಗೆ 12 ಸೂತ್ರಗಳು

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಒಂದು ಅವಕಾಶ ಕಾಯುತ್ತಾ ಕೂತಿದೆ. ಒಂದು ಮೂಲೆಯಲ್ಲಿ ಬ್ಲೋವರ್ ಸದ್ದು ಮಾಡುತ್ತಾ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಓಡುತ್ತಿರುತ್ತದೆ. ಕೊಳಚೆ ನೀರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಶುದ್ಧ ಮಾಡುತ್ತವೆ. ಆದರೆ ಎಷ್ಟೋ ಘಟಕಗಳಲ್ಲಿ ಕೊನೆಯ ಹಂತದ ಕೆಲಸಕ್ಕೆ ಅವುಗಳಿಗೆ ಕಾರ್ಬನ್ ಸಾಲುವುದಿಲ್ಲ, ನೈಟ್ರೇಟ್ ನೀರಿನಲ್ಲೇ ಉಳಿಯುತ್ತದೆ. ಇನ್ನೊಂದು ಮೂಲೆಯಲ್ಲಿ ಹಸಿರು ಡಬ್ಬಗಳ ಸಾಲು. ಅದೇ ಕಾರ್ಬನ್ ಅಲ್ಲಿ ಉಳಿದ ಅನ್ನ, ಚಪಾತಿ, ಬಾಳೆಹಣ್ಣಿನ ಸಿಪ್ಪೆಯಾಗಿ ಕಸದ ಗಾಡಿಗೆ ಕಾಯುತ್ತಿರುತ್ತದೆ. ಎರಡು ಮೂಲೆಗಳ ನಡುವೆ ಇಪ್ಪತ್ತು ಹೆಜ್ಜೆ ದೂರವಿರಬಹುದು. ಆ ಇಪ್ಪತ್ತು ಹೆಜ್ಜೆಯನ್ನು ಲೆಕ್ಕಾಚಾರದೊಂದಿಗೆ ದಾಟುವವರು ಈ ಕ್ಷೇತ್ರದಲ್ಲಿ ಬೇಗ ಮೇಲೆ ಬರುತ್ತಾರೆ.

ನೀವು ಡಿಪ್ಲೊಮಾ ಮುಗಿಸಿ ಎಸ್‌ಟಿಪಿ ಆಪರೇಟರ್ ಆಗಿದ್ದೀರಾ? ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಓದುತ್ತಿದ್ದೀರಾ? ಫೆಸಿಲಿಟಿ ಟೀಮಿನಲ್ಲಿ ಇದ್ದೀರಾ? ಹಾಗಾದರೆ ಈ ಸೂತ್ರಗಳು ನಿಮಗಾಗಿ.

1. ಯಾರು ಹಸಿದಿದ್ದಾರೆ ಎಂದು ಮೊದಲು ಪತ್ತೆ ಮಾಡಿ

ಎಲ್ಲ ಬ್ಯಾಕ್ಟೀರಿಯಾಗಳೂ ಹಸಿದಿರುವುದಿಲ್ಲ. ಏರೇಶನ್ ಟ್ಯಾಂಕಿನಲ್ಲಿ ಇರುವವುಗಳಿಗೆ ಮನೆಗಳ ಕೊಳಚೆಯಲ್ಲೇ ಬೇಕಾದಷ್ಟು ಊಟ ಸಿಗುತ್ತದೆ. ಅಲ್ಲಿಗೆ ಇನ್ನಷ್ಟು ಸುರಿದರೆ ಬ್ಲೋವರ್ ಮೇಲೆ ಹೊರೆ ಬೀಳುತ್ತದೆ, ಕರೆಂಟ್ ಬಿಲ್ ಏರುತ್ತದೆ, ಬೇರೇನೂ ಆಗುವುದಿಲ್ಲ.

ಹಸಿವು ಎರಡು ಕಡೆ ಕಾಣುತ್ತದೆ. ಒಂದು, ಅನಾಕ್ಸಿಕ್ ಟ್ಯಾಂಕ್, ಅಂದರೆ ಗಾಳಿ ಇಲ್ಲದೆ ನೈಟ್ರೇಟ್ ಮಾತ್ರ ಇರುವ ಟ್ಯಾಂಕ್. ಇಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟಿನ ಆಕ್ಸಿಜನ್ ಎಳೆದುಕೊಂಡು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಅದಕ್ಕೆ ಅವುಗಳಿಗೆ ಸುಲಭವಾಗಿ ಜೀರ್ಣವಾಗುವ ಕಾರ್ಬನ್ ಬೇಕು. ಎರಡು, ಜನ ಕಡಿಮೆ ಇರುವ ಕಟ್ಟಡ. ಹೊಸ ಅಪಾರ್ಟ್‌ಮೆಂಟಿಗೆ ಕಾಲು ಭಾಗ ಕುಟುಂಬಗಳು ಮಾತ್ರ ಬಂದಿರುತ್ತವೆ. ದಸರಾ, ದೀಪಾವಳಿ ರಜೆಗೆ ಎಲ್ಲರೂ ಊರಿಗೆ ಹೊರಟುಬಿಡುತ್ತಾರೆ. 2020ರ ಲಾಕ್‌ಡೌನಿನಲ್ಲಿ ಆಫೀಸು ಕಟ್ಟಡಗಳ ಎಸ್‌ಟಿಪಿಗಳು ಹೀಗೇ ಒಣಗಿ ಕೂತವು. ಇಂಥ ಹೊತ್ತಿನಲ್ಲಿ ಆಪರೇಟರ್‌ಗಳು ಬೆಲ್ಲ, ಸಗಣಿ, ಯೂರಿಯಾ ಹಾಕಿ ಬ್ಯಾಕ್ಟೀರಿಯಾ ಉಳಿಸಿಕೊಳ್ಳುವುದು ಹಳೆಯ ರೂಢಿ. ದುಡ್ಡು ಕೊಟ್ಟು ತರುವ ಬೆಲ್ಲದ ಜಾಗಕ್ಕೆ ಉಳಿದ ಅನ್ನ ಬರಬಹುದು.

ಇವೆರಡೂ ನಿಮ್ಮಲ್ಲಿ ಇಲ್ಲವೆ? ಹಾಗಾದರೆ ಎಸ್‌ಟಿಪಿಗೆ ಕಸ ಒಯ್ಯಬೇಡಿ. ಹಸಿ ಕಸವನ್ನು ಬಯೋಗ್ಯಾಸ್‌ಗೋ ಕಾಂಪೋಸ್ಟಿಗೋ ಕೊಡಿ. ಯಾವಾಗ ಬೇಡ ಎಂದು ಹೇಳಬೇಕೆಂಬುದೂ ಪರಿಣತಿಯೇ.

2. ನಾಲ್ಕು ಸಂಖ್ಯೆ ಬಾಯಿಪಾಠ ಮಾಡಿ

100:5:1. ಗಾಳಿ ಇರುವ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಬಿಒಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಸಾವಯವ ವಸ್ತುವಿನ ಅಳತೆ), ಸಾರಜನಕ, ರಂಜಕದ ಪ್ರಮಾಣ ಇದು.

4.57. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಇಷ್ಟು ಗ್ರಾಂ ಆಕ್ಸಿಜನ್ ಬೇಕು.

7.14. ಅದೇ ಒಂದು ಗ್ರಾಂಗೆ ಇಷ್ಟು ಗ್ರಾಂ ಆಲ್ಕಲಿನಿಟಿ ಖರ್ಚಾಗುತ್ತದೆ. ಆಮೇಲೆ ಡೀನೈಟ್ರಿಫಿಕೇಶನ್, ಅಂದರೆ ನೈಟ್ರೇಟನ್ನು ಸಾರಜನಕದ ಗ್ಯಾಸ್ ಮಾಡುವ ಕೆಲಸ, ಸರಿಯಾಗಿ ನಡೆದರೆ ಅದರಲ್ಲಿ ಅರ್ಧ, ಅಂದರೆ 3.57 ಗ್ರಾಂ, ವಾಪಸ್ ಸಿಗುತ್ತದೆ. ಪಿಎಚ್ ಬೀಳುವ ಘಟಕಗಳಿಗೆ ಇದು ದೊಡ್ಡ ಆಸರೆ.

2.86. ಒಂದು ಗ್ರಾಂ ನೈಟ್ರೇಟ್ ಸಾರಜನಕ ಇಷ್ಟು ಗ್ರಾಂ ಆಕ್ಸಿಜನ್ನಿನ ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾ ತಾನೂ ಬೆಳೆಯಬೇಕಾದ್ದರಿಂದ, ವಾಸ್ತವದಲ್ಲಿ ಒಂದು ಗ್ರಾಂ ನೈಟ್ರೇಟ್ ಸಾರಜನಕ ತೆಗೆಯಲು ನಾಲ್ಕರಿಂದ ಆರು ಗ್ರಾಂ ಸಿಒಡಿ (ಒಟ್ಟು ಸಾವಯವ ವಸ್ತುವಿನ ಅಳತೆ) ಕೊಡಬೇಕು.

ಮೀಟಿಂಗಿನಲ್ಲಿ ಈ ನಾಲ್ಕು ಸಂಖ್ಯೆಗಳನ್ನು ಸರಾಗವಾಗಿ ಹೇಳಬಲ್ಲವರ ಮಾತಿಗೆ ತೂಕ ಬರುತ್ತದೆ. ಇವತ್ತೇ ಮೊಬೈಲಿನ ವಾಲ್‌ಪೇಪರ್ ಮಾಡಿಕೊಳ್ಳಿ.

3. ಹೊರಗಿನಿಂದ ತರುವ ಮೊದಲು ಮನೆಯಲ್ಲಿರುವುದನ್ನು ಬಳಸಿ

ಕೊಳಚೆ ನೀರಿನಲ್ಲೇ ಕಾರ್ಬನ್ ಇದೆ. ಅದು ಅನಾಕ್ಸಿಕ್ ಟ್ಯಾಂಕಿಗೆ ತಲುಪುತ್ತಿದೆಯೇ ನೋಡಿ. ಏರೇಶನ್ ಟ್ಯಾಂಕಿನಿಂದ ನೈಟ್ರೇಟ್ ಇರುವ ನೀರನ್ನು ಹಿಂದಕ್ಕೆ ತರುವ ರೀಸರ್ಕ್ಯುಲೇಶನ್ ಪಂಪ್ ಓಡುತ್ತಿದೆಯೇ ಪರೀಕ್ಷಿಸಿ. ಆ ನೀರಿನ ಜೊತೆ ಆಕ್ಸಿಜನ್ ಕೂಡ ನುಗ್ಗಿ ಬರುತ್ತಿದ್ದರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಆಕ್ಸಿಜನ್ ಸಿಕ್ಕರೆ ಅವು ಅದನ್ನೇ ಮೊದಲು ಬಳಸುತ್ತವೆ. ಅನಾಕ್ಸಿಕ್ ಟ್ಯಾಂಕಿನಲ್ಲಿ ಡಿಒ (ನೀರಿನಲ್ಲಿ ಕರಗಿದ ಆಕ್ಸಿಜನ್) ಲೀಟರಿಗೆ 0.5 ಮಿ.ಗ್ರಾಂ ಒಳಗೆ ಇರಲಿ, ಸೊನ್ನೆಯ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.

ವಾಲ್ವ್ ಒಂದನ್ನು ಸರಿಪಡಿಸಿ ಅರ್ಧ ಸಮಸ್ಯೆ ತೀರಿಸಿದರೆ ಅದೂ ಗೆಲುವೇ. ಅದಕ್ಕೆ ಖರ್ಚೂ ಇಲ್ಲ.

4. ಕಸ ಆರಿಸುವಾಗ ಕರುಣೆ ಬೇಡ

ಹಸಿರು ಡಬ್ಬದಲ್ಲಿ ಇರುವುದೆಲ್ಲ ಆಹಾರವಲ್ಲ. ತೆಗೆದುಕೊಳ್ಳಬೇಕಾದ್ದು ಇಷ್ಟು: ಅನ್ನ, ಗಂಜಿ, ಮುದ್ದೆ, ಚಪಾತಿ, ಇಡ್ಲಿ, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಹಣ್ಣಿನ ತಿರುಳು, ತರಕಾರಿ ಸಿಪ್ಪೆ. ಇವೆಲ್ಲ ಹೆಚ್ಚಾಗಿ ಪಿಷ್ಟ, ಸಕ್ಕರೆ. ಬ್ಯಾಕ್ಟೀರಿಯಾಗೆ ಬೇಗ ಒಗ್ಗುತ್ತವೆ.

ಬಿಡಬೇಕಾದ್ದನ್ನು ಕಾರಣ ಸಹಿತ ತಿಳಿಯಿರಿ, ಯಾಕೆಂದರೆ ಹೌಸ್‌ಕೀಪಿಂಗ್ ಸಿಬ್ಬಂದಿಗೆ ನೀವೇ ಹೇಳಿಕೊಡಬೇಕು. ಬೋಂಡಾ ಕರಿದ ಎಣ್ಣೆ, ತುಪ್ಪ, ಬೆಣ್ಣೆ ಬೇಡ. ಕೊಬ್ಬು ತಿಂದು ಬೆಳೆಯುವ ನೊಕಾರ್ಡಿಯಾ ಜಾತಿಯ ಬ್ಯಾಕ್ಟೀರಿಯಾಗಳು ಟ್ಯಾಂಕಿನ ಮೇಲೆ ಕಂದು ಬಣ್ಣದ ಜಿಗುಟು ನೊರೆ ಕಟ್ಟುತ್ತವೆ, ಅದು ಸುಲಭಕ್ಕೆ ಹೋಗುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಜಾಸ್ತಿ ಇರುವ ಯಾವುದೂ ಬೇಡ. ಉಪ್ಪನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ, ಅದು ನೇರವಾಗಿ ಶುದ್ಧೀಕರಿಸಿದ ನೀರಿಗೆ, ಅಲ್ಲಿಂದ ನಿಮ್ಮ ಗಾರ್ಡನ್ ಮಣ್ಣಿಗೆ ಇಳಿಯುತ್ತದೆ. ಮೂಳೆ, ತೆಂಗಿನ ನಾರು, ಮಾವಿನ ಗೊರಟು ಗ್ರೈಂಡರ್ ಮುರಿಯುತ್ತವೆ.

ಬೇಳೆ, ಮೊಟ್ಟೆ, ಮಾಂಸದ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಇವು ಪ್ರೋಟೀನ್, ಪ್ರೋಟೀನ್ ಒಡೆದಾಗ ಅಮೋನಿಯಾ ಬರುತ್ತದೆ. ಸಾರಜನಕ ತೆಗೆಯಲು ಹೊರಟವರು ಸಾರಜನಕವನ್ನೇ ಹೊತ್ತು ತಂದ ಹಾಗಾಗುತ್ತದೆ. ಸಾಂಬಾರ್ ಮಿಶ್ರಿತ ಅನ್ನ ಸ್ವಲ್ಪ ಬಂದರೆ ಪರವಾಗಿಲ್ಲ, ಬೇಳೆಯ ಪಾತ್ರೆಯೇ ಬಂದರೆ ಕಾಂಪೋಸ್ಟಿಗೆ ಕಳಿಸಿ.

ಹಳ್ಳಿಮನೆಗಳಲ್ಲಿ ಅಕ್ಕಿ ತೊಳೆದ ನೀರು, ಗಂಜಿ ಚರಂಡಿಗೆ ಹೋಗುತ್ತಿರಲಿಲ್ಲ, ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು. ಏನನ್ನು ಕಲಗಚ್ಚಿಗೆ ಹಾಕಬೇಕು, ಏನನ್ನು ಹಾಕಬಾರದು ಎಂದು ಅಲ್ಲಿನ ಹೆಂಗಸರಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು. ನಿಮ್ಮ ಹೌಸ್‌ಕೀಪಿಂಗ್ ತಂಡದಲ್ಲಿ ಆ ತಿಳಿವಳಿಕೆ ಇರುವವರು ಖಂಡಿತ ಇರುತ್ತಾರೆ. ಅವರನ್ನು ಹುಡುಕಿ, ಕಸ ಆರಿಸುವ ಜವಾಬ್ದಾರಿಯ ಮುಂದಾಳತ್ವ ಅವರಿಗೇ ಕೊಡಿ. ಅದಕ್ಕೆ ತಕ್ಕ ಸಂಬಳ, ಗ್ಲೌಸ್ ಎರಡನ್ನೂ ಕೇಳಿ ಕೊಡಿಸಿ.

5. ಹಸಿಯಾಗಿ ಸುರಿಯಬೇಡಿ, ಹುಳಿ ಬರಿಸಿ

ಇಡೀ ಕೆಲಸದ ಗುಟ್ಟು ಇಲ್ಲಿದೆ. ಅನ್ನದ ಅಗುಳು ಬ್ಯಾಕ್ಟೀರಿಯಾದ ಬಾಯಿಗೆ ಹಿಡಿಸುವುದಿಲ್ಲ. ಜೀವಕೋಶದ ಗೋಡೆ ದಾಟಿ ಒಳಗೆ ಹೋಗಬೇಕಾದರೆ ಅದು ಚಿಕ್ಕ ಅಣುಗಳಾಗಿ ಒಡೆದಿರಬೇಕು. ಆ ಒಡೆಯುವ ಕೆಲಸವನ್ನು ಟ್ಯಾಂಕಿಗೆ ಹಾಕುವ ಮೊದಲೇ ಮುಗಿಸಿ. ಇದಕ್ಕೆ ಫರ್ಮೆಂಟೇಶನ್ ಎನ್ನುತ್ತಾರೆ. ದೋಸೆ ಹಿಟ್ಟು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹುದುಗುವ ಹಾಗೆ, ಇಲ್ಲೂ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಪಿಷ್ಟವನ್ನು ಆಮ್ಲಗಳಾಗಿ ಬದಲಾಯಿಸುತ್ತವೆ. ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್, ಲ್ಯಾಕ್ಟಿಕ್ ಆಮ್ಲಗಳು ಇವು. ಅನಾಕ್ಸಿಕ್ ಬ್ಯಾಕ್ಟೀರಿಯಾಗಳಿಗೆ ಇವು ಸಿದ್ಧ ಊಟ. ರಂಜಕ ಹೀರಿಕೊಳ್ಳುವ ಬ್ಯಾಕ್ಟೀರಿಯಾಗಳಿಗೂ ಅಸಿಟಿಕ್, ಪ್ರೊಪಿಯೋನಿಕ್ ಆಮ್ಲಗಳೆಂದರೆ ಬಲು ಇಷ್ಟ.

ಹೀಗೆ ಮಾಡಿ. ಆರಿಸಿದ ಕಸವನ್ನು ನೀರು ಬೆರೆಸಿ ನುಣ್ಣಗೆ ರುಬ್ಬಿಸಿ. ಮುಚ್ಚಳ ಇರುವ ಸಿಂಟೆಕ್ಸ್ ಟ್ಯಾಂಕಿಗೆ ಹಾಕಿ. ಎರಡರಿಂದ ನಾಲ್ಕು ದಿನ ಇರಲಿ. ದಿನಕ್ಕೆ ಎರಡು ಸಲ ಕಲಕಿ. ಗಾಳಿ ಊದಬೇಡಿ. ಬೆಂಗಳೂರಿನ ಹವೆಯಲ್ಲಿ ಬೇಸಿಗೆಯಲ್ಲಿ ಬೇಗ ಆಗುತ್ತದೆ, ಡಿಸೆಂಬರ್‌ನಲ್ಲಿ ಒಂದು ದಿನ ಜಾಸ್ತಿ ಹಿಡಿಯುತ್ತದೆ.

ಪಿಎಚ್ 5ರಿಂದ 6ರ ನಡುವೆ ನಿಲ್ಲಿಸಿ. 4ಕ್ಕಿಂತ ಕೆಳಗೆ ಬಿದ್ದರೆ ಹುದುಗುವ ಬ್ಯಾಕ್ಟೀರಿಯಾಗಳೇ ಸುಸ್ತಾಗುತ್ತವೆ. ಆಗ ಸ್ವಲ್ಪ ಸುಣ್ಣದ ನೀರು ಸೇರಿಸಿ. 7ರ ಕಡೆಗೆ ಏರಿ, ದಿನಗಳೂ ಹೆಚ್ಚಾದರೆ ಮೀಥೇನ್ ಮಾಡುವ ಬ್ಯಾಕ್ಟೀರಿಯಾಗಳು ಬಂದು ನಿಮ್ಮ ಆಮ್ಲವನ್ನೆಲ್ಲ ಗ್ಯಾಸ್ ಮಾಡಿಬಿಡುತ್ತವೆ. ನಿಮಗೆ ಬೇಕಾದ್ದು ಆಮ್ಲ.

ಮೂಗನ್ನು ಬಳಸಿ, ಆದರೆ ಮುಚ್ಚಳದೊಳಗೆ ಬಗ್ಗಿ ಅಲ್ಲ. ದೂರದಿಂದಲೇ ಹುಳಿ ವಾಸನೆ, ವಿನೆಗರ್ ವಾಸನೆ ಬಂದರೆ ಸರಿಯಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೈಡ್ರೋಜನ್ ಸಲ್ಫೈಡ್, ಆ ಬ್ಯಾಚ್ ಬಳಸಬೇಡಿ. ಟ್ಯಾಂಕಿನಿಂದ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಹೊರಬರುತ್ತವೆ. ಒಂದು ಪೈಪ್ ಹಾಕಿ ಬಯಲಿಗೆ ಬಿಡಿ. ಹತ್ತಿರ ಬೀಡಿ, ಸಿಗರೇಟು, ವೆಲ್ಡಿಂಗ್ ಯಾವುದೂ ನಡೆಯಕೂಡದು.

ಕೊನೆಗೆ ಬಟ್ಟೆಯಲ್ಲೋ ಸಣ್ಣ ಜರಡಿಯಲ್ಲೋ ಸೋಸಿ. ಮೇಲೆ ಉಳಿದ ಚರಟ ಕಾಂಪೋಸ್ಟಿಗೆ, ಕೆಳಗೆ ಇಳಿದ ಹುಳಿ ನೀರು ಡೋಸಿಂಗ್ ಟ್ಯಾಂಕಿಗೆ.

6. ಅಂದಾಜು ಬಿಡಿ, ಲೆಕ್ಕ ಹಾಕಿ

ಒಂದು ಉದಾಹರಣೆ ಮಾಡೋಣ, ಪೆನ್ನು ಹಿಡಿಯಿರಿ. ನಿಮ್ಮ ಘಟಕ ದಿನಕ್ಕೆ 1 ಲಕ್ಷ ಲೀಟರ್ ಶುದ್ಧೀಕರಿಸುತ್ತದೆ ಎಂದುಕೊಳ್ಳಿ. ಹೊರಬರುವ ನೀರಿನಲ್ಲಿ ನೈಟ್ರೇಟ್ ಸಾರಜನಕ ಲೀಟರಿಗೆ 25 ಮಿ.ಗ್ರಾಂ ಇದೆ, ನಿಮ್ಮ ಗುರಿ 10. ಇಳಿಸಬೇಕಾದ್ದು 15 ಮಿ.ಗ್ರಾಂ. 1 ಲಕ್ಷ ಲೀಟರಿಗೆ ಅದು ದಿನಕ್ಕೆ 1.5 ಕೆ.ಜಿ. ಸಾರಜನಕ.

ಪ್ರತಿ ಕೆ.ಜಿ.ಗೆ 5 ಕೆ.ಜಿ. ಸಿಒಡಿ ಹಿಡಿಯಿರಿ. ಒಟ್ಟು 7.5 ಕೆ.ಜಿ. ಸಿಒಡಿ ಬೇಕು. ನಿಮ್ಮ ಹುಳಿ ನೀರನ್ನು ಲ್ಯಾಬಿಗೆ ಕೊಟ್ಟಾಗ ಕರಗಿದ ಸಿಒಡಿ ಲೀಟರಿಗೆ 30 ಗ್ರಾಂ ಬಂತು ಎನ್ನಿ. ದಿನಕ್ಕೆ 250 ಲೀಟರ್ ಹುಳಿ ನೀರು ಸಾಕು. 1,000 ಲೀಟರಿನ ಒಂದು ಟ್ಯಾಂಕಿನಿಂದ ದಿನಾ 250 ಲೀಟರ್ ತೆಗೆದು ಅಷ್ಟೇ ಹೊಸದನ್ನು ತುಂಬಿದರೆ ನಾಲ್ಕು ದಿನದ ಹುಳಿಯುವಿಕೆ ತಾನಾಗಿ ಸಿಗುತ್ತದೆ.

ಇದಕ್ಕೆ ಎಷ್ಟು ಕಸ? ಹಸಿ ಆಹಾರದಲ್ಲಿ ಐದನೇ ಒಂದು ಭಾಗ ಮಾತ್ರ ಒಣ ಅಂಶ, ಉಳಿದದ್ದು ನೀರು. ಒಂದು ಕೆ.ಜಿ. ಹಸಿ ಕಸದಿಂದ ಒಟ್ಟು ಸುಮಾರು 250 ಗ್ರಾಂ ಸಿಒಡಿ ಬರುತ್ತದೆ. ಅದರಲ್ಲಿ ಅರ್ಧ ಕರಗಿ ನೀರಿಗೆ ಬಂತೆಂದರೆ ದಿನಕ್ಕೆ 60ರಿಂದ 65 ಕೆ.ಜಿ. ಆರಿಸಿದ ಕಸ ಬೇಕು. ದಿನಕ್ಕೆ 100 ಕೆ.ಜಿ.ಗಿಂತ ಹೆಚ್ಚು ಕಸ ಮಾಡುವವರನ್ನು 2016ರ ಘನತ್ಯಾಜ್ಯ ನಿಯಮಗಳು ದೊಡ್ಡ ಪ್ರಮಾಣದ ಉತ್ಪಾದಕರು ಎಂದು ಕರೆದವು, ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದು ಹೇಳಿದವು. ನಿಮ್ಮ ಅಪಾರ್ಟ್‌ಮೆಂಟಿನ ಆ ಹೊಣೆಯ ಒಂದು ಭಾಗವನ್ನೂ ನೀವು ಇಳಿಸುತ್ತಿದ್ದೀರಿ.

ಇನ್ನೊಂದು ಹೆಜ್ಜೆ ಹಾಕಿ, ಇಲ್ಲೇ ನೀವು ಬೇರೆಯವರಿಗಿಂತ ಮುಂದೆ ಹೋಗುವುದು. ಕಸದ ಒಣ ಅಂಶದಲ್ಲಿ ಸುಮಾರು ಶೇ 3ರಷ್ಟು ಸಾರಜನಕ ಇರುತ್ತದೆ. ಅದರ ಅರ್ಧ ಹುಳಿ ನೀರಿಗೆ ಬಂದರೂ ನಿಮ್ಮ 1 ಲಕ್ಷ ಲೀಟರ್ ನೀರಿನಲ್ಲಿ ಲೀಟರಿಗೆ ಹತ್ತಿರ ಹತ್ತಿರ 2 ಮಿ.ಗ್ರಾಂ ಸಾರಜನಕ ಹೊಸದಾಗಿ ಸೇರುತ್ತದೆ. 15 ತೆಗೆಯಲು ಹೋಗಿ 2 ಸೇರಿಸಿದ್ದೀರಿ. ಲೆಕ್ಕದಲ್ಲಿ ಅದನ್ನೂ ಹಿಡಿಯಿರಿ. ಈ ಒಂದು ಸಾಲು ನಿಮ್ಮ ರಿಪೋರ್ಟಿನಲ್ಲಿ ಇದ್ದರೆ ಓದುವ ಎಂಜಿನಿಯರ್ ತಲೆ ಎತ್ತಿ ನಿಮ್ಮನ್ನು ನೋಡುತ್ತಾರೆ.

7. ಸರಿಯಾದ ಜಾಗಕ್ಕೆ, ಹನಿ ಹನಿಯಾಗಿ ಕೊಡಿ

ನೈಟ್ರೇಟ್ ಇಳಿಸುವುದಕ್ಕಾದರೆ ಹುಳಿ ನೀರನ್ನು ಅನಾಕ್ಸಿಕ್ ಟ್ಯಾಂಕಿಗೆ ಮಾತ್ರ ಕೊಡಿ. ಡೋಸಿಂಗ್ ಪಂಪ್ ಇಟ್ಟು ದಿನವಿಡೀ ಹಂಚಿ. 250 ಲೀಟರನ್ನು ಬೆಳಗ್ಗೆ ಒಂದೇ ಸಲ ಸುರಿದರೆ ನೈಟ್ರೇಟ್ ಮುಗಿದ ಮೇಲೆ ಉಳಿದ ಆಮ್ಲ ಏರೇಶನ್ ಟ್ಯಾಂಕಿಗೆ ಹರಿಯುತ್ತದೆ, ಅಲ್ಲಿ ಆಕ್ಸಿಜನ್ ಎಲ್ಲ ಕುಡಿದುಬಿಡುತ್ತದೆ. ಡಿಒ ಬಿದ್ದರೆ ಎಳೆ ಎಳೆಯಾದ ಫಿಲಮೆಂಟಸ್ ಬ್ಯಾಕ್ಟೀರಿಯಾ ಬೆಳೆದು ಸ್ಲಡ್ಜ್ ತಳಕ್ಕೆ ಇಳಿಯುವುದನ್ನೇ ಬಿಡುತ್ತದೆ. ಮೊದಲ ವಾರ ಲೆಕ್ಕ ಹೇಳಿದ್ದರ ಕಾಲು ಭಾಗದಿಂದ ಶುರು ಮಾಡಿ. ವಾರಕ್ಕೊಮ್ಮೆ ಏರಿಸಿ.

8. ಒಂದು ಲೀಟರ್ ಜಾರನ್ನು ಗೆಳೆಯನಂತೆ ನೋಡಿಕೊಳ್ಳಿ

ಏರೇಶನ್ ಟ್ಯಾಂಕಿನಿಂದ ಒಂದು ಲೀಟರ್ ತೆಗೆದು ಅಳತೆಯ ಜಾರಿಗೆ ಹಾಕಿ. ಟೈಮರ್ 30 ನಿಮಿಷಕ್ಕೆ ಇಡಿ. ಜಾರಿನ ಮುಂದೆಯೇ ಕೂತು ನೋಡಿ.

ಆರೋಗ್ಯವಂತ ಘಟಕವಾದರೆ ಮೊದಲ ನಿಮಿಷಗಳಲ್ಲೇ ಚಾಕೊಲೇಟ್ ಬಣ್ಣದ ಚಿಕ್ಕ ಗುಪ್ಪೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೇಲ್ಭಾಗದಲ್ಲಿ ತಿಳಿ ನೀರಿನ ಪಟ್ಟಿ ಕಾಣಿಸಿ ದಪ್ಪವಾಗುತ್ತಾ ಹೋಗುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಸ್ಲಡ್ಜ್ ಕೆಳಗೆ ಗಟ್ಟಿಯಾಗಿ ಕೂತಿರುತ್ತದೆ. ಅದು ಎಷ್ಟು ಮಿಲಿಲೀಟರ್ ಜಾಗ ಹಿಡಿದಿದೆ ಬರೆದುಕೊಳ್ಳಿ. ಅದನ್ನು 1,000ದಿಂದ ಗುಣಿಸಿ ಎಂಎಲ್‌ಎಸ್‌ಎಸ್‌ನಿಂದ (ಒಂದು ಲೀಟರಿನಲ್ಲಿರುವ ಸ್ಲಡ್ಜಿನ ಒಣ ತೂಕ, ಮಿ.ಗ್ರಾಂ ಲೆಕ್ಕದಲ್ಲಿ) ಭಾಗಿಸಿ. ಬಂದದ್ದೇ ಸ್ಲಡ್ಜ್ ಎಷ್ಟು ಚೆನ್ನಾಗಿ ತಳಕ್ಕೆ ಕೂರುತ್ತದೆಂದು ಹೇಳುವ ಎಸ್‌ವಿಐ. ಉದಾಹರಣೆಗೆ 350 ಮಿಲಿಲೀಟರ್, ಎಂಎಲ್‌ಎಸ್‌ಎಸ್ 3,500 ಆದರೆ ಎಸ್‌ವಿಐ 100. ಒಳ್ಳೆಯ ಸಂಖ್ಯೆ. 150 ದಾಟಿ ಏರುತ್ತಿದ್ದರೆ ಎಚ್ಚರ, ಹುಳಿ ನೀರು ಕಡಿಮೆ ಮಾಡಿ, ಡಿಒ ನೋಡಿ.

ಜಾರನ್ನು ಅಲ್ಲೇ ಇನ್ನೂ ಎರಡು ಗಂಟೆ ಬಿಡಿ. ತಳದ ಸ್ಲಡ್ಜ್ ಇದ್ದಕ್ಕಿದ್ದಂತೆ ತುಂಡಾಗಿ ಮೇಲೆ ತೇಲಿ ಬಂದರೆ ಗಾಬರಿಯಾಗಬೇಡಿ, ಅದರಲ್ಲಿ ಸಣ್ಣ ಗುಳ್ಳೆಗಳು ಅಂಟಿವೆಯೇ ನೋಡಿ. ಅದು ಸಾರಜನಕದ ಗ್ಯಾಸ್. ನೀರಿನಲ್ಲಿ ನೈಟ್ರೇಟ್ ಇನ್ನೂ ಉಳಿದಿದೆ, ಅನಾಕ್ಸಿಕ್ ಟ್ಯಾಂಕಿನಲ್ಲಿ ಆಗಬೇಕಾದ ಕೆಲಸ ಜಾರಿನಲ್ಲಿ ಆಗುತ್ತಿದೆ ಎಂದು ಅರ್ಥ. ಸಾವಿರಾರು ರೂಪಾಯಿಯ ಟೆಸ್ಟ್ ಹೇಳುವುದನ್ನು ಒಂದು ಜಾರು ಕಣ್ಣೆದುರೇ ತೋರಿಸಿತು.

9. ಸಂಶಯ ಬಂದರೆ ಬಾಟಲಿಗೆ ಹಾಕಿ

"ನಮ್ಮ ಪ್ಲಾಂಟಿನಲ್ಲಿ ಇದೆಲ್ಲ ಆಗಲ್ಲ ಸಾರ್" ಎಂಬ ಮಾತನ್ನು ಇವತ್ತಿನಿಂದ ಬಿಡಿ. ಅದೊಂದು ಅಭ್ಯಾಸ ಅಷ್ಟೆ. ಅದರ ಜಾಗದಲ್ಲಿ "ಬಾಟಲಿಯಲ್ಲಿ ನೋಡಿಬಿಡೋಣ" ಎನ್ನುವ ಅಭ್ಯಾಸ ತನ್ನಿ.

ಎರಡು ಬಾಟಲಿ ತೆಗೆದುಕೊಳ್ಳಿ. ಎರಡಕ್ಕೂ ಅನಾಕ್ಸಿಕ್ ಟ್ಯಾಂಕಿನ ಸ್ಲಡ್ಜ್, ಜೊತೆಗೆ ನೈಟ್ರೇಟ್ ಇರುವ ಶುದ್ಧೀಕರಿಸಿದ ನೀರು ಒಂದೇ ಪ್ರಮಾಣದಲ್ಲಿ ಹಾಕಿ. ಒಂದಕ್ಕೆ ಮಾತ್ರ ಸ್ವಲ್ಪ ಹುಳಿ ನೀರು ಸೇರಿಸಿ. ಮುಚ್ಚಿ, ಮೆಲ್ಲಗೆ ಅಲುಗಿಸುತ್ತಿರಿ. ಹದಿನೈದು ನಿಮಿಷಕ್ಕೊಮ್ಮೆ ನೈಟ್ರೇಟ್ ಸ್ಟ್ರಿಪ್ ಅದ್ದಿ ಬಣ್ಣ ಬರೆದುಕೊಳ್ಳಿ. ಹುಳಿ ನೀರಿನ ಬಾಟಲಿಯಲ್ಲಿ ಬಣ್ಣ ಬೇಗ ತಿಳಿಯಾದರೆ ನಿಮ್ಮ ಊಟ ಬ್ಯಾಕ್ಟೀರಿಯಾಗೆ ಹಿಡಿಸಿದೆ. ಎರಡೂ ಒಂದೇ ವೇಗದಲ್ಲಿ ಇಳಿದರೆ ಕಾರ್ಬನ್ ಕೊರತೆ ನಿಮ್ಮ ಸಮಸ್ಯೆಯೇ ಅಲ್ಲ. ಎರಡರಲ್ಲಿ ಯಾವುದಾದರೂ ಲಾಭವೇ, ಅರ್ಧ ದಿನದಲ್ಲಿ ಉತ್ತರ ಸಿಕ್ಕಿತು.

ಈ ಕ್ಷೇತ್ರ ಹುಟ್ಟಿದ್ದೇ ಬಾಟಲಿಗಳಲ್ಲಿ. ಮ್ಯಾಂಚೆಸ್ಟರ್‌ನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಬಾಟಲಿಗೆ ಕೊಳಚೆ ನೀರು ತುಂಬಿ ಗಾಳಿ ಊದಿದರು. ಮೊದಲ ಸಲ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ವಾರಗಳೇ ಬೇಕಾದವು. ಅವರು ತಳದ ಸ್ಲಡ್ಜ್ ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆಯೇ ಹೊಸ ಕೊಳಚೆ ತುಂಬಿ ಮತ್ತೆ ಮತ್ತೆ ಮಾಡಿದರು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1914ರಲ್ಲಿ ಅದನ್ನು ಪ್ರಕಟಿಸಿದರು, ಇಂದಿನ ಆ್ಯಕ್ಟಿವೇಟೆಡ್ ಸ್ಲಡ್ಜ್ ವಿಧಾನ ಅದೇ. ಅವರಿಗೆ ಆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರೊಫೆಸರ್ ಆಗಿ ಬಂದರು. 1921ರಲ್ಲಿ ಅಲ್ಲಿ ಶುರುವಾದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರೂ ಅವರೇ. ನೂರು ವರ್ಷದ ಹಿಂದೆಯೇ ಈ ವಿದ್ಯೆ ನಮ್ಮೂರಿಗೆ ಬಂದು ಕೂತಿದೆ. ನೀವು ಬಾಟಲಿ ಎತ್ತಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

10. ಟ್ಯಾಂಕಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ

ಸ್ಲಡ್ಜ್ ಟ್ಯಾಂಕಿರಲಿ, ಹುಳಿ ನೀರಿನ ಟ್ಯಾಂಕಿರಲಿ, ಒಳಗೆ ಆಕ್ಸಿಜನ್ ಇರುವುದಿಲ್ಲ, ವಿಷಾನಿಲ ಇರುತ್ತದೆ. ಬಿದ್ದವರನ್ನು ಎತ್ತಲು ಹೋದವರೂ ಸಾಯುತ್ತಾರೆ. ಈ ರಾಜ್ಯದಲ್ಲಿ ಅಂಥ ಸಾವುಗಳಾಗಿವೆ. ರಕ್ಷಣಾ ಸಲಕರಣೆ ಇಲ್ಲದೆ ಯಾರನ್ನಾದರೂ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಪಂಪ್ ಕಟ್ಟಿಕೊಂಡರೆ ಯಂತ್ರದಿಂದ ಟ್ಯಾಂಕ್ ಸ್ವಚ್ಛ ಮಾಡುವ ಕಂಪನಿಗೆ ಫೋನ್ ಮಾಡಿ, ಗಾಡಿ ಬರಲಿ, ಒಂದು ದಿನ ಘಟಕ ನಿಂತರೆ ನಿಲ್ಲಲಿ. ಮ್ಯಾನೇಜರ್ ಒತ್ತಡ ಹಾಕಿದರೆ ಆಗುವುದಿಲ್ಲ ಎಂದು ಬರಹದಲ್ಲಿ ಕೊಡಿ.

11. ಕದ್ದು ಮಾಡಬೇಡಿ, ಬರೆದು ಮಾಡಿ

ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಕನ್ಸೆಂಟ್ ಪತ್ರ ಓದಿ. ನಿಮ್ಮ ಘಟಕ ಯಾವ ಮಿತಿಗೆ ಒಳಪಟ್ಟಿದೆ ಎಂದು ತಿಳಿಯಿರಿ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಿಒಡಿ ಲೀಟರಿಗೆ 10 ಮಿ.ಗ್ರಾಂ, ಒಟ್ಟು ಸಾರಜನಕ 10 ಮಿ.ಗ್ರಾಂ ಎಂಬ ಬಿಗಿ ಮಿತಿಗಳನ್ನು ಎತ್ತಿ ಹಿಡಿಯಿತು. ಮನೆಗಳಿಂದ ಬರುವ ಕೊಳಚೆಯಲ್ಲಿ ಸಾರಜನಕ ಸಾಮಾನ್ಯವಾಗಿ 40ರ ಆಸುಪಾಸು ಇರುತ್ತದೆ. 40ರಿಂದ 10ಕ್ಕೆ ಇಳಿಸಬಲ್ಲವರಿಗೆ ಬೇಡಿಕೆ ಏಕಿದೆ ಎಂದು ಈಗ ಅರ್ಥವಾಯಿತಲ್ಲ? ಮಿತಿ ಮೀರಿದ ಸಾರಜನಕ, ರಂಜಕ ಕೆರೆಗೆ ಸೇರಿದರೆ ಪಾಚಿ, ಅಂತರಗಂಗೆ ಕೆರೆಯನ್ನೇ ನುಂಗುತ್ತವೆ. ಬೆಂಗಳೂರಿನ ಕೆ.ಸಿ. ವ್ಯಾಲಿಯಿಂದ 2018ರಿಂದ ಕೋಲಾರದ ಕೆರೆಗಳಿಗೆ ಶುದ್ಧೀಕರಿಸಿದ ನೀರು ಹರಿಯುತ್ತಿದೆ. ನಮ್ಮ ಊರಿನ ಬಳಸಿದ ನೀರು ಇನ್ನೊಂದು ಊರಿನ ಕೆರೆಯ ನೀರು. ಅದನ್ನು ಎಷ್ಟು ಚೆನ್ನಾಗಿ ತೊಳೆದು ಕೊಡುತ್ತೇವೆ ಎಂಬುದು ಮರ್ಯಾದೆಯ ಪ್ರಶ್ನೆ.

ಘಟಕದ ಡಿಸೈನ್ ಮಾಡಿದವರ, ಅಸೋಸಿಯೇಶನ್ನಿನ ಒಪ್ಪಿಗೆ ಪಡೆಯಿರಿ. ಲಾಗ್ ಬುಕ್ಕಿನಲ್ಲಿ ದಿನಾಂಕ, ಕಸದ ತೂಕ, ಹುಳಿ ನೀರಿನ ಪಿಎಚ್, ಡೋಸ್, ಎಸ್‌ವಿಐ, ನೈಟ್ರೇಟ್ ಬರೆಯಿರಿ. ಶುರು ಮಾಡುವ ಮೊದಲು ಒಂದು ತಿಂಗಳ ರೀಡಿಂಗ್ ಇಲ್ಲದಿದ್ದರೆ ಆಮೇಲೆ ಬಂದ ಸುಧಾರಣೆಯನ್ನು ಯಾರೂ ನಂಬುವುದಿಲ್ಲ. ಕರ್ನಾಟಕ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಪ್ರಕಟಿಸಿದ, ಅನಂತ ಕೊಡವಸಲ್ ಬರೆದ ಎಸ್‌ಟಿಪಿ ಕೈಪಿಡಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ನಮ್ಮ ಅಪಾರ್ಟ್‌ಮೆಂಟುಗಳ ಎಸ್‌ಟಿಪಿ ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ.

12. ಬೇಸ್‌ಮೆಂಟಿನಿಂದ ನಗರದ ಮಟ್ಟಕ್ಕೆ ಜಿಗಿಯಿರಿ

ನೀವು ಬಾಟಲಿಯಲ್ಲಿ ಕಲಿತದ್ದನ್ನೇ ಜಗತ್ತಿನ ದೊಡ್ಡ ಘಟಕಗಳು ಇನ್ನೊಂದು ರೂಪದಲ್ಲಿ ಮಾಡುತ್ತಿವೆ. ಅಮೆರಿಕದ ವಾಷಿಂಗ್ಟನ್‌ನ ಬ್ಲೂ ಪ್ಲೇನ್ಸ್ ಘಟಕ ಡೀನೈಟ್ರಿಫಿಕೇಶನ್‌ಗೆ ಮೆಥನಾಲ್ ಕೊಂಡು ಹಾಕುತ್ತದೆ. ಅದು ಬೆಂಕಿ ಹಿಡಿಯುವ ವಸ್ತು, ದುಡ್ಡೂ ಬೇಕು. ನಿಮ್ಮ ಹುಳಿ ನೀರು ಆ ಜಾಗಕ್ಕೆ ಬರಬಲ್ಲ ವಸ್ತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಈಸ್ಟ್ ಬೇ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಹೋಟೆಲುಗಳ ಆಹಾರ ತ್ಯಾಜ್ಯವನ್ನು ಸ್ಲಡ್ಜ್ ಜೊತೆ ಡೈಜೆಸ್ಟರಿಗೆ ಹಾಕಿ ಗ್ಯಾಸ್ ಮಾಡುತ್ತದೆ. ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ಮಾಡಿದ ಉತ್ತರ ಅಮೆರಿಕದ ಮೊದಲ ಕೊಳಚೆ ನೀರು ಘಟಕ ಎಂಬ ಹೆಸರು ಅದಕ್ಕೆ 2012ರಲ್ಲಿ ಬಂತು. ಹಾಂಕಾಂಗ್ 2019ರಲ್ಲಿ ತೈ ಪೋ ಘಟಕದಲ್ಲಿ ಇದೇ ಪ್ರಯೋಗ ಶುರು ಮಾಡಿತು. ಸಿಂಗಪುರ ಟುವಾಸ್‌ನಲ್ಲಿ ಕೊಳಚೆ ನೀರು ಘಟಕವನ್ನೂ ಕಸದ ಘಟಕವನ್ನೂ ಒಂದೇ ಆವರಣದಲ್ಲಿ ರೂಪಿಸಿತು.

ಗಮನಿಸಿ, ಇವರಲ್ಲಿ ಹೆಚ್ಚಿನವರ ಗುರಿ ಗ್ಯಾಸ್. ನಿಮ್ಮ ಗುರಿ ನೈಟ್ರೇಟ್. 100 ಕೆ.ಜಿ. ಆಹಾರ ತ್ಯಾಜ್ಯದಿಂದ ಸುಮಾರು 10 ಘನ ಮೀಟರ್ ಬಯೋಗ್ಯಾಸ್ ಬರುತ್ತದೆ, ನಾಲ್ಕರಿಂದ ಐದು ಕೆ.ಜಿ. ಎಲ್‌ಪಿಜಿಗೆ ಸಮ. ಅಷ್ಟೇ ಕಸದಿಂದ ಎರಡು ಕೆ.ಜಿ.ಗಿಂತ ಹೆಚ್ಚು ನೈಟ್ರೇಟ್ ಸಾರಜನಕ ತೆಗೆಯಬಹುದು. ನಿಮ್ಮ ಕಟ್ಟಡಕ್ಕೆ ಎರಡರಲ್ಲಿ ಯಾವುದು ಮುಖ್ಯ? ಕ್ಯಾಂಟೀನ್ ಇರುವ ಕ್ಯಾಂಪಸ್ ಆದರೆ ಗ್ಯಾಸ್ ಇರಬಹುದು, ನೈಟ್ರೇಟ್ ಮಿತಿ ದಾಟುತ್ತಿರುವ ಅಪಾರ್ಟ್‌ಮೆಂಟ್ ಆದರೆ ಹುಳಿ ನೀರು. ಈ ಹೋಲಿಕೆಯನ್ನು ಒಂದು ಪುಟದಲ್ಲಿ ಬರೆದು ಅಸೋಸಿಯೇಶನ್ ಮೀಟಿಂಗಿಗೆ ಒಯ್ಯಿರಿ.

ವಿದ್ಯಾರ್ಥಿಯಾದರೆ ಫೈನಲ್ ಇಯರ್ ಪ್ರಾಜೆಕ್ಟಿಗೆ ಬಾಟಲಿ ಪ್ರಯೋಗವನ್ನೇ ಆರಿಸಿ. ಅನ್ನ, ಹಣ್ಣು, ತರಕಾರಿ ಮೂರರ ಹುಳಿ ನೀರನ್ನು ಬೇರೆ ಬೇರೆ ಮಾಡಿ ಯಾವುದು ನೈಟ್ರೇಟನ್ನು ಬೇಗ ಇಳಿಸುತ್ತದೆ ನೋಡಿ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಎನ್ವಿರಾನ್‌ಮೆಂಟಲ್ ಸೈನ್ಸ್ ಅಂಡ್ ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪೇಪರೇ ಇದೆ, ಈ ಲೆಕ್ಕಗಳೇ ಅಲ್ಲೂ ಬರುತ್ತವೆ. ಆಪರೇಟರ್ ಆದರೆ ಆರು ತಿಂಗಳ ಲಾಗ್ ಬುಕ್ಕನ್ನು ಗ್ರಾಫ್ ಮಾಡಿ ಮುಂದಿನ ಇಂಟರ್‌ವ್ಯೂಗೆ ಒಯ್ಯಿರಿ. ಮೊದಲ ಪುಟದಲ್ಲಿ ಒಂದೇ ಗೆರೆ ಇರಲಿ, ನೈಟ್ರೇಟ್. ಡೋಸ್ ಶುರುವಾದ ದಿನದ ಮೇಲೆ ಒಂದು ಬಾಣದ ಗುರುತು ಹಾಕಿ. ಗೆರೆ ನಡುವೆ ಎಲ್ಲಾದರೂ ಏರಿದ್ದರೆ ಅದನ್ನು ಮರೆಮಾಚಬೇಡಿ, ಆ ದಿನ ಏನಾಯಿತು, ನೀವು ಏನು ಮಾಡಿದಿರಿ ಎಂದು ಪಕ್ಕದಲ್ಲೇ ಬರೆಯಿರಿ. ಕೆಲಸ ಕೊಡುವವರು ಮೊದಲು ಪ್ರಶ್ನೆ ಕೇಳುವುದು ಆ ಏರಿಕೆಯ ಬಗ್ಗೆಯೇ.